ಸೂಪರ್ ಗ್ಲೂ, ಅಡುಗೆ ಸೋಡಾ ಮತ್ತು ಮತ್ತೆ ಮತ್ತೆ ಮುರಿಯುವ ಮೆಟಲ್ ಡಿಟೆಕ್ಟರ್ ಬಾಕ್ಸ್

ಮುರಿದ ಪ್ಲಾಸ್ಟಿಕ್ ತುಂಡಿನ ಮೇಲೆ ನಾಲ್ಕು ಹನಿ ಸೂಪರ್ ಗ್ಲೂ, ಅದರ ಮೇಲೊಂದು ಚಿಟಿಕೆ ಅಡುಗೆ ಸೋಡಾ. ಸಣ್ಣಗೆ ಹೊಗೆ ಏಳುತ್ತದೆ, ಎರಡೇ ಸೆಕೆಂಡಿನಲ್ಲಿ ಕಲ್ಲಿನಂತೆ ಗಟ್ಟಿ. ‘ಕಬ್ಬಿಣಕ್ಕಿಂತ ಬಲ, ಇನ್ನು ಹೊಸದು ಕೊಳ್ಳಬೇಡಿ, ಎಲ್ಲರಿಗೂ ಕಳಿಸಿ’ ಎನ್ನುವ ಈ ಬಗೆಯ ವಿಡಿಯೊ ನಿಮ್ಮ ಗ್ರೂಪಿಗೂ ಬಂದಿರಬಹುದು. ಬಕೆಟ್ಟಿನ ಕಿವಿ, ಕುರ್ಚಿಯ ಕಾಲು, ಬೈಕಿನ ಬಂಪರ್, ಎಲ್ಲಕ್ಕೂ ಅದೇ ಮದ್ದು.

ಇದರಲ್ಲಿ ಅರ್ಧ ನಿಜ ಇದೆ. ಸೂಪರ್ ಗ್ಲೂ ಎಂದರೆ ಸಯನೋಅಕ್ರಿಲೇಟ್ ಎಂಬ ರಾಸಾಯನಿಕ. ಗಾಳಿಯಲ್ಲಿರುವ ತೇವ ತಗುಲಿ ಅದು ಗಟ್ಟಿಯಾಗುತ್ತದೆ. ಸೋಡಾದ ಕ್ಷಾರಗುಣ ಆ ಕೆಲಸವನ್ನು ಕ್ಷಣದಲ್ಲಿ ಮುಗಿಸಿಬಿಡುತ್ತದೆ. ಆಗ ಹುಟ್ಟುವ ಬಿಸಿಯಿಂದಲೇ ಹೊಗೆ ಬರುವುದು. (ಅದು ಕಣ್ಣು, ಮೂಗು ಉರಿಸುತ್ತದೆ, ಮುಖ ದೂರ ಇಟ್ಟುಕೊಳ್ಳಿ.) ವಿಡಿಯೊದಲ್ಲಿ ಹೆಬ್ಬೆರಳಿನಿಂದ ಒತ್ತಿ ‘ನೋಡಿ, ಅಲುಗಾಡಲ್ಲ’ ಎನ್ನುತ್ತಾರೆ. ಆ ತುಂಡನ್ನು ಹತ್ತು ಸಾವಿರ ಸಲ ಅಲುಗಾಡಿಸಿ ಮಾತ್ರ ಯಾರೂ ತೋರಿಸುವುದಿಲ್ಲ. ಹತ್ತು ಸಾವಿರ ಸಲ ಅಲುಗಾಡುವ ವಸ್ತುವೊಂದನ್ನು ಇಟ್ಟುಕೊಂಡೇ ಈ ಮಾತನ್ನು ಪರೀಕ್ಷಿಸೋಣ. ಅದು ಮೆಟಲ್ ಡಿಟೆಕ್ಟರ್.

ನಮ್ಮಲ್ಲಿ ಮೆಟಲ್ ಡಿಟೆಕ್ಟರ್ ಎಂದರೆ ಮಾಲ್ ಬಾಗಿಲಲ್ಲಿ ಸೆಕ್ಯುರಿಟಿಯವರ ಕೈಯಲ್ಲಿರುವ ಬ್ಯಾಟಿನಂಥ ಉಪಕರಣ. ನಾವು ಹೇಳುತ್ತಿರುವುದು ಅದರ ಉದ್ದ ಕೋಲಿನ ಅಣ್ಣನನ್ನು. ಇಂಗ್ಲೆಂಡಿನ ಹೊಲಗಳಲ್ಲಿ ಕೊಯ್ಲಾದ ಮೇಲೆ ಹಳೆಯ ನಾಣ್ಯ ಹುಡುಕುವ ಹವ್ಯಾಸಿಗಳು, ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ ಚಿನ್ನದ ಗಟ್ಟಿ ಅರಸುವವರು ಬಳಸುವಂಥದ್ದು. ಕೆಳತುದಿಯಲ್ಲಿ ತಟ್ಟೆಯಂಥ ಕಾಯಿಲ್, ಮೇಲ್ತುದಿಯಲ್ಲಿ ಮೊಣಕೈ ಆನಿಸುವ ತೊಟ್ಟಿಲು, ಹಿಡಿಯ ಹತ್ತಿರ ಕಂಟ್ರೋಲ್ ಬಾಕ್ಸ್. ಸರ್ಕ್ಯೂಟ್, ಗುಂಡಿಗಳು, ಹಲವು ಮಾಡೆಲ್‌ಗಳಲ್ಲಿ ಬ್ಯಾಟರಿ ಕೂಡ ಅದರೊಳಗೇ ಇರುತ್ತದೆ. ಇಡೀ ಯಂತ್ರದ ಬೆಲೆಯ ದೊಡ್ಡ ಪಾಲು ಆ ಬಾಕ್ಸಿನಲ್ಲಿದೆ. ಅದನ್ನು ಕೋಲಿಗೆ ಹಿಡಿದಿರುವುದು ಮಾತ್ರ ಎಷ್ಟೋ ಹಳೆಯ ಮಾಡೆಲ್‌ಗಳಲ್ಲಿ ಒಂದು ಪ್ಲಾಸ್ಟಿಕ್ ಬ್ರಾಕೆಟ್, ಎರಡು ಸ್ಕ್ರೂ. ಬ್ರಾಕೆಟ್ ಮುರಿದರೆ ಬಾಕ್ಸ್ ನೆಲಕ್ಕೆ ಬೀಳುತ್ತದೆ, ಬೀಳುವಾಗ ಕಾಯಿಲ್‌ನ ಕೇಬಲನ್ನು ಸಾಕೆಟ್ಟಿನಿಂದ ಕಿತ್ತುಕೊಂಡೇ ಬೀಳುತ್ತದೆ.

(ನಿಧಿ ಹುಡುಕಲು ಡಿಟೆಕ್ಟರ್ ಕೊಳ್ಳುವ ಯೋಚನೆಯಿದ್ದರೆ ಒಂದು ಮಾತು. ನೆಲದಲ್ಲಿ ಸಿಕ್ಕ ನಿಧಿಯ ವಿಷಯವನ್ನು ಸರ್ಕಾರಕ್ಕೆ ತಿಳಿಸಲೇಬೇಕೆಂಬ ಕಾನೂನು ಭಾರತದಲ್ಲಿ 1878ರಿಂದಲೇ ಇದೆ. ಸಂರಕ್ಷಿತ ಸ್ಮಾರಕಗಳ ಜಾಗದಲ್ಲಿ ಅನುಮತಿಯಿಲ್ಲದೆ ಅಗೆಯುವುದು ಅಪರಾಧ.)

ಮುರಿಯುವುದು ಬಿದ್ದ ದಿನ ಅಲ್ಲ

‘ನಿನ್ನೆಯವರೆಗೂ ಚೆನ್ನಾಗಿತ್ತು, ಇವತ್ತು ಸುಮ್ಮನೆ ಎತ್ತಿದೆ, ಕಳಚಿ ಬಂತು’ ಎನ್ನುತ್ತೇವೆ. ಮುರಿಯುವ ಕೆಲಸ ಅದಕ್ಕೂ ಬಹಳ ಮೊದಲೇ ಶುರುವಾಗಿರುತ್ತದೆ.

ಒಂದು ಲೆಕ್ಕ ಹಾಕೋಣ. ಬಾಕ್ಸಿನ ತೂಕ 700 ಗ್ರಾಂ ಎಂದುಕೊಳ್ಳಿ. ಅದರ ಭಾರದ ನಡುಬಿಂದು ಬ್ರಾಕೆಟ್ ಕೂತಿರುವ ಜಾಗದಿಂದ 10 ಸೆಂಟಿಮೀಟರ್ ಮೇಲಿದೆ. ಬ್ರಾಕೆಟ್ಟಿನ ಬುಡದ ಅಂಚಿಗೂ ಅದನ್ನು ಹಿಡಿದ ಸ್ಕ್ರೂಗೂ ನಡುವೆ ಇರುವುದು ಬರೀ 2 ಸೆಂಟಿಮೀಟರ್. ಈಗ ಡಿಟೆಕ್ಟರನ್ನು ಪಕ್ಕಕ್ಕೆ ವಾಲಿಸಿ ಹಿಡಿದರೆ ಆ ಸ್ಕ್ರೂವಿನ ಮೇಲೆ ಬೀಳುವ ಎಳೆತ 700 ಗ್ರಾಮಿನದ್ದಲ್ಲ, ಅದರ ಐದು ಪಟ್ಟು, ಮೂರೂವರೆ ಕಿಲೋ. ಹಾರೆಯಿಂದ ಬಂಡೆ ಮೀಟುವಾಗ ನಾವು ಬಳಸುವ ಸನ್ನೆಯ ತತ್ವವೇ ಇದು, ಇಲ್ಲಿ ಮಾತ್ರ ನಮ್ಮ ವಿರುದ್ಧ ಕೆಲಸ ಮಾಡುತ್ತಿದೆ. ಕಾಯಿಲ್ ಕಲ್ಲಿಗೋ ಕೊಯ್ಲಾದ ಪೈರಿನ ಕೂಳೆಗೋ ತಟ್ಟಿ ತಟಕ್ಕನೆ ನಿಂತಾಗ ಎಳೆತ ಇನ್ನೂ ಕೆಲವು ಪಟ್ಟು ಏರುತ್ತದೆ. ಬಸ್ಸು ಬ್ರೇಕ್ ಹಾಕಿದಾಗ ನಿಂತವರು ಮುಂದಕ್ಕೆ ಮುಗ್ಗರಿಸುವಂತೆ, ಕೋಲು ನಿಂತರೂ ಬಾಕ್ಸ್ ಹೋಗುತ್ತಲೇ ಇರುತ್ತದೆ. ತಡೆದು ನಿಲ್ಲಿಸುವ ಕೆಲಸ ಆ ಬಡಪಾಯಿ ಬ್ರಾಕೆಟ್ಟಿನದು.

ಹುಡುಕುವವರು ಡಿಟೆಕ್ಟರನ್ನು ಎಡಕ್ಕೂ ಬಲಕ್ಕೂ ಬೀಸುತ್ತಾ ನಡೆಯುತ್ತಾರೆ. ಸೆಕೆಂಡಿಗೊಂದು ಬೀಸು ಎಂದರೂ ಗಂಟೆಗೆ 3,600, ಮೂರು ಗಂಟೆಯಲ್ಲಿ ಹತ್ತು ಸಾವಿರದ ಮೇಲೆ. ಪ್ರತಿ ಬೀಸಿನ ಕೊನೆಯಲ್ಲಿ ಬ್ರಾಕೆಟ್ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ, ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ತಂತಿಯನ್ನು ಒಂದೇ ಎಳೆತಕ್ಕೆ ಕಡಿಯಲಾಗದಿದ್ದರೂ ಹಿಂದೆ ಮುಂದೆ ಬಾಗಿಸುತ್ತಾ ಹೋದರೆ ಕಡಿಯುತ್ತದಲ್ಲ, ಹಾಗೆಯೇ ಇದು. ಎಂಜಿನಿಯರುಗಳು ಇದನ್ನು ವಸ್ತುವಿನ ದಣಿವು ಎನ್ನುತ್ತಾರೆ. ಮುರಿಯುವಷ್ಟು ಭಾರ ಹೇರದೆಯೂ ಸಣ್ಣ ಭಾರವನ್ನೇ ಲಕ್ಷಾಂತರ ಸಲ ಹೇರಿದರೆ ಉಕ್ಕು ಕೂಡ ಮುರಿಯುತ್ತದೆ ಎಂದು ಜರ್ಮನಿಯ ಆಗಸ್ಟ್ ವೋಲರ್ 19ನೇ ಶತಮಾನದ ನಡುವಿನಲ್ಲೇ ರೈಲು ಗಾಲಿಯ ಅಚ್ಚುಗಳನ್ನು ಪರೀಕ್ಷಿಸಿ ತೋರಿಸಿದ್ದ. ಉಕ್ಕಿನ ಕಥೆಯೇ ಹೀಗಿರುವಾಗ ಪ್ಲಾಸ್ಟಿಕ್ಕನ್ನು ಕೇಳಬೇಕೇ?

ಅಂಟಿಸಿದರೆ ಪಕ್ಕದಲ್ಲೇ ಮುರಿಯುತ್ತದೆ, ಏಕೆ?

ಸೋಡಾ ಬೆರೆತ ಅಂಟು ಗಾಜಿನಂತೆ ಗಡಸು, ಬಾಗುವುದಿಲ್ಲ. ಸುತ್ತಲಿನ ಪ್ಲಾಸ್ಟಿಕ್ ಬಾಗುತ್ತದೆ. ಬಾಗುವ ವಸ್ತು ಬಾಗದ ವಸ್ತುವನ್ನು ಸೇರುವ ಗೆರೆಯಲ್ಲೇ ಎಲ್ಲ ಒತ್ತಡ ಬಂದು ಗುಡ್ಡೆಯಾಗುತ್ತದೆ. ಒಂದೋ ಅಂಟು ಚಕ್ಕೆಯಂತೆ ಸಿಡಿಯುತ್ತದೆ, ಇಲ್ಲವೇ ಅಂಟಿನ ಅಂಚಿನಿಂದ ಹೊಸ ಬಿರುಕು ಹೊರಡುತ್ತದೆ. ಅಂಟಿನ ಮೇಲೆ ಅಂಟು ಹಾಕಿದರೆ ಬಿರುಕು ಇನ್ನಷ್ಟು ಪಕ್ಕಕ್ಕೆ ಸರಿಯುತ್ತದೆ, ಅಷ್ಟೇ. ಇನ್ನು ಕೆಲವು ಪ್ಲಾಸ್ಟಿಕ್‌ಗಳಿಗೆ, ಉದಾಹರಣೆಗೆ ಪಾಲಿಪ್ರೊಪಿಲೀನ್‌ಗೆ, ಈ ಅಂಟು ಸರಿಯಾಗಿ ಕಚ್ಚುವುದೇ ಇಲ್ಲ.

‘ಸ್ಕ್ರೂ ಇನ್ನೂ ಬಿಗಿ ಮಾಡಿ’ ಎಂಬ ಸಲಹೆಯೂ ಇದೆ. ಅತಿಯಾಗಿ ಬಿಗಿ ಮಾಡಿದರೆ ತೂತಿನ ಸುತ್ತಲಿನ ಪ್ಲಾಸ್ಟಿಕ್ ಕೆಲಸಕ್ಕೆ ಇಳಿಯುವ ಮೊದಲೇ ಒತ್ತಡದಲ್ಲಿರುತ್ತದೆ, ಬೇಗ ಸೀಳುತ್ತದೆ. ಸ್ಕ್ರೂ ಸಡಿಲವಾಗಬಾರದೆಂದು ಹಾಕುವ ಥ್ರೆಡ್ ಲಾಕರ್ ದ್ರವ ಲೋಹಕ್ಕೆ ಸರಿ. ಎಬಿಎಸ್, ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ಕಿಗೆ ತಗುಲಿದರೆ ಅದೇ ಬಿರುಕು ಬಿಡಿಸಬಲ್ಲದು. ಅದರ ಬದಲು ಒಳಗೆ ನೈಲಾನ್ ಉಂಗುರವಿರುವ ಲಾಕ್ ನಟ್ ಹಾಕುವುದು ಕ್ಷೇಮ.

ಹಾಗಾದರೆ ಏನು ಮಾಡಬೇಕು?

ಕೀಲನ್ನು ಗಡಸು ಮಾಡಲು ಹೋಗಬೇಡಿ, ಅದರ ಮೇಲಿನ ಎಳೆತ ಇಳಿಸಿ. ಬಾಕ್ಸ್ ಒಂದೇ ಕಾಲಿನ ಮೇಲೆ ನಿಂತಿರುವುದೇ ತೊಂದರೆ, ಇನ್ನೊಂದು ಆಸರೆ ಕೊಟ್ಟರೆ ಬಹುಪಾಲು ಕೆಲಸ ಮುಗಿಯಿತು. ಬಾಕ್ಸಿಗೂ ಕೋಲಿಗೂ ನಡುವೆ ಸಂದಿ ಇದ್ದರೆ ಅಲ್ಲಿ ಗಟ್ಟಿ ಫೋಮ್ ಅಥವಾ ಹಳೆಯ ಸೈಕಲ್ ಟ್ಯೂಬಿನ ನಾಲ್ಕು ಮಡಿಕೆ ಇಡಿ. ಮೇಲಿನಿಂದ ಅಗಲವಾದ ವೆಲ್ಕ್ರೋ ಪಟ್ಟಿಯನ್ನು ಬಾಕ್ಸ್, ಕೋಲು ಎರಡನ್ನೂ ಸೇರಿಸಿ ಸುತ್ತಿ. ಬಾಕ್ಸ್ ಪಕ್ಕಕ್ಕೆ ವಾಲಲು ಹೋದಾಗ ಪಟ್ಟಿ ಹಿಡಿಯುತ್ತದೆ, ಬ್ರಾಕೆಟ್ ಬಾಗುವುದಿಲ್ಲ. ಬ್ರಾಕೆಟ್ ಮುರಿದೇ ಹೋದರೂ ಬಾಕ್ಸ್ ನೆಲಕ್ಕೆ ಬೀಳುವುದಿಲ್ಲ. ನೋಡಲು ಅಷ್ಟೇನೂ ಚೆನ್ನಾಗಿರುವುದಿಲ್ಲ, ವಿಡಿಯೊ ಮಾಡಿದರೆ ಯಾರೂ ಲೈಕ್ ಒತ್ತಲಿಕ್ಕಿಲ್ಲ.

ಸ್ಕ್ರೂ ತಲೆಯ ಕೆಳಗೆ ಅಗಲ ವಾಷರ್, ಅದರ ಕೆಳಗೆ ರಬ್ಬರ್ ತುಂಡು ಹಾಕಿದರೆ ಒತ್ತಡ ತೂತಿನ ಅಂಚಿನಲ್ಲೇ ನಿಲ್ಲದೆ ಹರಡುತ್ತದೆ. ಬ್ರಾಕೆಟ್ ಈಗಾಗಲೇ ಮುರಿದಿದ್ದರೆ ಅಂಟಿನ ಬದಲು ಅಲ್ಯುಮಿನಿಯಂ ಪಟ್ಟಿ ಬಗ್ಗಿಸಿ ಹೊಸ ಬ್ರಾಕೆಟ್ ಮಾಡಿಸಿ. ‘ಲೋಹ ಹಾಕಿದರೆ ಡಿಟೆಕ್ಟರ್ ಅದನ್ನೇ ಹಿಡಿದು ಕೂಗುತ್ತದೆ’ ಎಂಬ ಹೆದರಿಕೆ ಇದೆ. ಕಾಯಿಲ್‌ನ ಹತ್ತಿರ ಅದು ನಿಜ. ಅದಕ್ಕೇ ಕೋಲಿನ ಕೊನೆಯ ತುಂಡು ಪ್ಲಾಸ್ಟಿಕ್ ಅಥವಾ ಫೈಬರ್‌ನದ್ದಾಗಿರುತ್ತದೆ, ಕಾಯಿಲ್ ಹಿಡಿಯುವ ಬೋಲ್ಟ್ ಕೂಡ ಪ್ಲಾಸ್ಟಿಕ್. ಆದರೆ ಕಾಯಿಲ್‌ನ ಕಾಂತಕ್ಷೇತ್ರ ದೂರ ಹೋದಂತೆ ಬಹಳ ವೇಗವಾಗಿ ಕ್ಷೀಣಿಸುತ್ತದೆ. ಹಿಡಿಯ ಬಳಿ ಬರುವಷ್ಟರಲ್ಲಿ ಏನೂ ಉಳಿದಿರುವುದಿಲ್ಲ. ಎಷ್ಟೋ ಮಾಡೆಲ್‌ಗಳಲ್ಲಿ ಕೋಲಿನ ಮೇಲ್ಭಾಗವೇ ಅಲ್ಯುಮಿನಿಯಂ.

ಇದೆಲ್ಲಕ್ಕಿಂತ ಒಳ್ಳೆಯ ಉಪಾಯ ಬಾಕ್ಸನ್ನು ಕೋಲಿನಿಂದಲೇ ಇಳಿಸುವುದು. ಕೆಲವು ಮಾಡೆಲ್‌ಗಳಲ್ಲಿ ಬಾಕ್ಸ್ ಬಿಚ್ಚಿ ಸೊಂಟದ ಬೆಲ್ಟಿಗೆ ಚೀಲದಲ್ಲಿ ಹಾಕಿಕೊಳ್ಳಬಹುದು. ಕೈಗೂ ಹಗುರ, ಬ್ರಾಕೆಟ್ಟಿನ ಚಿಂತೆಯೂ ಇಲ್ಲ. ಈ ಉಪಾಯ ಹೊಸದಲ್ಲ. ಎರಡನೇ ಮಹಾಯುದ್ಧದಲ್ಲಿ ಪೋಲೆಂಡಿನ ಎಂಜಿನಿಯರ್ ಯೂಜೆಫ್ ಕೊಸಾತ್ಸ್ಕಿ ರೂಪಿಸಿದ ನೆಲಬಾಂಬ್ ಪತ್ತೆ ಯಂತ್ರ ಸುಮಾರು 14 ಕಿಲೋ ಇತ್ತು. ಅದರ ವಿದ್ಯುತ್ ಭಾಗ ಸೈನಿಕನ ಬೆನ್ನಿನ ಮೇಲಿರುತ್ತಿತ್ತು, ಕೈಯಲ್ಲಿ ಕೋಲು ಮತ್ತು ಕಾಯಿಲ್ ಮಾತ್ರ. 1942ರಲ್ಲಿ ಈಜಿಪ್ಟಿನ ಎಲ್ ಅಲಮೀನ್ ಕಾಳಗದಲ್ಲಿ ಅದನ್ನು ಬಳಸಿಯೇ ಮರಳಿನಲ್ಲಿ ಹುದುಗಿದ್ದ ಬಾಂಬುಗಳ ನಡುವೆ ದಾರಿ ಮಾಡಿದರು.

ಒಂದು ಎಚ್ಚರಿಕೆ. ಸೊಂಟದವರೆಗೆ ಕೇಬಲ್ ಸಾಲದಿದ್ದರೆ ಅದನ್ನು ಕತ್ತರಿಸಿ ಉದ್ದ ಮಾಡಬೇಡಿ. ಕಾಯಿಲ್ ಮತ್ತು ಕೇಬಲ್ ಎರಡೂ ಸೇರಿಯೇ ಸರ್ಕ್ಯೂಟಿಗೆ ಹೊಂದಿಕೊಂಡಿರುತ್ತವೆ. ಉದ್ದ ಬದಲಾದರೆ ಆ ಹೊಂದಿಕೆ ಕೆಡಬಹುದು. ಅದೇ ಮಾಡೆಲ್ಲಿಗೆ ಮಾಡಿದ ಉದ್ದನೆಯ ಕೇಬಲ್ ಸಿಗುತ್ತದೆಯೇ ನೋಡಿ. ಬಾಕ್ಸ್ ಕೋಲಿನ ಮೇಲೇ ಇದ್ದರೆ ಕೇಬಲನ್ನು ಕೋಲಿಗೆ ಬಿಗಿಯಾಗಿ ಸುತ್ತಿ, ಸಾಕೆಟ್ಟಿನ ಹತ್ತಿರ ಮಾತ್ರ ಒಂದು ಸಣ್ಣ ಬಳೆಯಷ್ಟು ಸಡಿಲ ಬಿಡಿ. ಫೋನ್ ಚಾರ್ಜರಿನ ತಂತಿ ಪಿನ್ನಿನ ಬುಡದಲ್ಲೇ ಏಕೆ ಹರಿಯುತ್ತದೆಂದು ಗೊತ್ತಿದ್ದವರಿಗೆ ಇದನ್ನು ವಿವರಿಸಬೇಕಿಲ್ಲ.

ಬಳಸುವ ರೀತಿಯೂ ಮುಖ್ಯ. ಅಗೆಯುವಾಗ ಡಿಟೆಕ್ಟರನ್ನು ಮರಕ್ಕೆ ಒರಗಿಸಬೇಡಿ, ಜಾರಿ ಬಿದ್ದಾಗ ಮೊದಲು ತಾಗುವುದು ಆ ಬಾಕ್ಸೇ. ಬಾಕ್ಸನ್ನೇ ಹಿಡಿದು ಎತ್ತಬೇಡಿ. ಕಾರಿನ ಡಿಕ್ಕಿಯಲ್ಲಿ ಸಾಮಾನಿನ ಕೆಳಗೆ ತುರುಕಬೇಡಿ. ಬಿಸಿಲು ವರ್ಷಗಟ್ಟಲೆ ಬಿದ್ದರೆ ಪ್ಲಾಸ್ಟಿಕ್ ಜೀವ ಕಳೆದುಕೊಳ್ಳುತ್ತದೆ. ಇಂಗ್ಲೆಂಡಿನಂಥ ಕಡೆ ಚಳಿಗಾಲದಲ್ಲಿ ಅದೇ ಪ್ಲಾಸ್ಟಿಕ್ ಬೇಗ ಸಿಡಿಯುವಂತಾಗುತ್ತದೆ.

ಡಿಟೆಕ್ಟರ್ ಇಲ್ಲದವರಿಗೆ ಇದರಿಂದ ಏನು ಎನ್ನಬಹುದು. ಬೈಕಿನ ಹ್ಯಾಂಡಲ್ಲಿಗೆ ಹಾಕಿದ ಮೊಬೈಲ್ ಹೋಲ್ಡರ್ ಕೂಡ ಇಂಥದೇ ಕೀಲು: ಸಣ್ಣ ಬುಡ, ಮೇಲೆ ಭಾರ, ನಿಲ್ಲದ ಅದುರು. ಅದುರಿನಿಂದ ಫೋನಿಗೂ ಏಟು ಬೀಳುತ್ತದೆ. ಹೆಚ್ಚು ಶಕ್ತಿಯ ಬೈಕ್ ಎಂಜಿನ್ನಿನ ಕಂಪನದಿಂದ ಐಫೋನಿನ ಕ್ಯಾಮೆರಾ ಕೆಡಬಹುದು ಎಂದು 2021ರಲ್ಲಿ ಆ್ಯಪಲ್ ಕಂಪನಿಯೇ ಎಚ್ಚರಿಸಿತ್ತು. ಹೋಲ್ಡರಿನ ಕತ್ತು ಮುರಿದಾಗ ಸೋಡಾ–ಗ್ಲೂ ಹಾಕಿ ಅದರಲ್ಲಿ ಫೋನ್ ಇಟ್ಟು ಹೊರಟರೆ ಏನಾಗಬಹುದು, ನೀವೇ ಊಹಿಸಿ. ಗೊಂಬೆಯ ಕಿವಿ, ಗೋಡೆಗೆ ತೂಗುಹಾಕಿದ ಚೌಕಟ್ಟಿನ ಮೂಲೆ ಇಂಥ ಅಲುಗಾಡದ ಜಾಗಕ್ಕೆ ಆ ಅಂಟು ಧಾರಾಳವಾಗಿ ಸಾಕು.

ಬಿರುಕು ಶುರುವಾಗಿದೆಯೇ ಎಂದು ತಿಳಿಯುವುದು ಸುಲಭ. ಪ್ಲಾಸ್ಟಿಕ್ ಸ್ಕೇಲ್ ಬಾಗಿಸಿದಾಗ ಮಡಿಕೆಯಲ್ಲಿ ಬೆಳ್ಳಗಾಗುವುದನ್ನು ಶಾಲೆಯಲ್ಲಿ ಎಲ್ಲರೂ ನೋಡಿದ್ದೇವೆ. ಬ್ರಾಕೆಟ್ಟಿನ ಒಳಮೂಲೆಗಳಲ್ಲಿ, ಸ್ಕ್ರೂ ತೂತುಗಳ ಸುತ್ತ ಅಂಥ ಬಿಳಿ ಗೆರೆ ಕಂಡರೆ ಪಟ್ಟಿ ಸುತ್ತಲು ಅದೇ ಸಮಯ. ಬಾಕ್ಸ್ ಈಗಾಗಲೇ ಬಿದ್ದಿದ್ದರೆ ಮೊದಲು ಸ್ವಿಚ್ ಆಫ್ ಮಾಡಿ, ಬ್ಯಾಟರಿ ತೆಗೆಯುವಂಥದ್ದಾದರೆ ತೆಗೆದು ನೋಡಿ. ಲಿಥಿಯಂ ಬ್ಯಾಟರಿ ಜಜ್ಜಿದ್ದರೆ ಅಥವಾ ಉಬ್ಬಿದ್ದರೆ ಅದನ್ನು ಮತ್ತೆ ಚಾರ್ಜಿಗೆ ಹಾಕಬೇಡಿ. ಮನೆಯ ಕಸದ ಬುಟ್ಟಿಗೂ ಎಸೆಯದೆ ಇ-ತ್ಯಾಜ್ಯ ಸಂಗ್ರಹಿಸುವ ಕಡೆ ಕೊಡಿ.