ನೋವಿಲ್ಲದ ಗಾಯ ಮತ್ತು ಕಡಲ ಪಾಚಿ

ಮಮದಾಪುರದ ಕಡೆ ಕಬ್ಬಿನ ಕಟಾವು ಆರಂಭವಾಯಿತೆಂದರೆ ಕಾಲಿಗೆ ಕೂಳೆ ಚುಚ್ಚಿಸಿಕೊಂಡವರು, ಕುಡುಗೋಲು ತಗುಲಿಸಿಕೊಂಡವರು ದವಾಖಾನೆಗೆ ಬರುತ್ತಾರೆ. ಇವರಲ್ಲಿ ಹೆಚ್ಚು ಅಪಾಯದಲ್ಲಿರುವವರು ನರಳುತ್ತ ಬರುವವರಲ್ಲ. "ನೋವೇನೂ ಇಲ್ರಿ ಸಾಹೇಬ್ರ, ಸಣ್ಣ ಗಾಯ ಐತಿ" ಎನ್ನುವ ಸಕ್ಕರೆ ಕಾಯಿಲೆಯವರು. ಈ ಕಾಯಿಲೆಯಿಂದ ಪಾದದ ನರಗಳು ಮರಗಟ್ಟುತ್ತವೆ, ರಕ್ತ ಸಂಚಾರವೂ ಕುಗ್ಗುತ್ತದೆ. ಗಾಯ ಅರಿವಿಲ್ಲದೆ ಕೊಳೆತು, ಕೊನೆಗೆ ಬೆರಳನ್ನೋ ಪಾದವನ್ನೋ ಕತ್ತರಿಸಬೇಕಾಗಬಹುದು.

ನೀರು ಸೋರುವ ಇಂಥ ಗಾಯಗಳಿಗೆ ಬಳಸುವ ಪಟ್ಟಿಗಳಲ್ಲಿ ಕ್ಯಾಲ್ಸಿಯಂ ಆಲ್ಜಿನೇಟ್ ಒಂದು. ಆಲ್ಜಿನೇಟ್ ಎಂದರೆ ಕಂದು ಕಡಲ ಪಾಚಿಯ ಅಂಟು. ಬ್ರಿಟನ್ನಿನ ರಸಾಯನ ವಿಜ್ಞಾನಿ ಸ್ಟ್ಯಾನ್‌ಫರ್ಡ್ 1881ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು.

ಬೂಂದಿ ಕರಿಯುವುದನ್ನು ನೀವು ನೋಡಿದ್ದೀರಿ. ಝಾರಿಯಿಂದ ಬಿದ್ದ ಹಿಟ್ಟು ಕಾದ ಎಣ್ಣೆಯಲ್ಲಿ ಮಣಿಯಾಗುತ್ತದೆ. ಹಾಗೆಯೇ ಸೋಡಿಯಂ ಆಲ್ಜಿನೇಟ್ ದ್ರಾವಣದ ಹನಿ ಕ್ಯಾಲ್ಸಿಯಂ ಕ್ಲೋರೈಡ್ ನೀರಿಗೆ ಬಿದ್ದರೆ ಮಣಿಗಟ್ಟುತ್ತದೆ. ಇಲ್ಲಿ ಬಿಸಿ ಬೇಡ. ಕ್ಯಾಲ್ಸಿಯಂ ಅಯಾನು ಎರಡು ಎಳೆಗಳನ್ನು ಬೆಸೆಯುತ್ತದೆ. ಮಣಿಯೊಳಗೆ ಔಷಧ ತುಂಬಿದರೆ ಅದು ನಿಧಾನವಾಗಿ ಹೊರಬರುತ್ತದೆ. ಒಂದು ಮಿಲಿಮೀಟರಿಗಿಂತ ಚಿಕ್ಕ ಮಣಿಗಳೇ ಸೂಕ್ಷ್ಮಗೋಲಗಳು.

ಗಾಯದ ಮೇಲೆ ಇದು ತಿರುವುಮುರುವಾಗುತ್ತದೆ. ಗಾಯದ ನೀರಿನ ಸೋಡಿಯಂ ಪಟ್ಟಿಯೊಳಕ್ಕೆ ಸೇರಿ, ಕ್ಯಾಲ್ಸಿಯಂ ಹೊರಬರುತ್ತದೆ. ಪಟ್ಟಿ ಲೋಳೆಯಾಗಿ ಗಾಯವನ್ನು ತೇವವಾಗಿಡುತ್ತದೆ. ಕ್ಯಾಲ್ಸಿಯಂ ರಕ್ತ ಹೆಪ್ಪುಗಟ್ಟಲು ನೆರವಾಗುತ್ತದೆ. ಕೆಲವು ಪಟ್ಟಿಗಳಲ್ಲಿ ಸೋಂಕಿನ ಜೀವಾಣುಗಳನ್ನು ಕೊಲ್ಲುವ ಬೆಳ್ಳಿಯ ಅಯಾನುಗಳೂ ಇರುತ್ತವೆ. ಒಣ ಗಾಯಕ್ಕೆ ಆಲ್ಜಿನೇಟ್ ಸಲ್ಲದು.

ಈ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪ್ರೊ. ತೇಜರಾಜ ಅಮಿನಭಾವಿ ಮತ್ತು ಸಂಗಡಿಗರು ಆಲ್ಜಿನೇಟ್ ಮಣಿಗಳಲ್ಲಿ ಬೇವಿನೆಣ್ಣೆ ತುಂಬಿ, ಅದು ಮೆಲ್ಲನೆ ಹೊರಬರುವುದನ್ನು 2000ದಲ್ಲಿ ಪ್ರಕಟಿಸಿದ್ದರು. ಅದು ಬೆಳೆಯ ಕೀಟಗಳಿಗಾಗಿ. ಮಣಿ ಗಟ್ಟಿಯಾಗಲು ಅವರು ಬಳಸಿದ್ದು ಲೋಹವಲ್ಲ, ಬೇರೆ ರಾಸಾಯನಿಕ.

ಆದರೆ ನೆನಪಿಡಿ, ಎಷ್ಟೇ ಒಳ್ಳೆಯ ಪಟ್ಟಿಯಾದರೂ ಸತ್ತ ಮಾಂಸವನ್ನು ತೆಗೆಯದೆ, ರಕ್ತದ ಸಕ್ಕರೆ ಹತೋಟಿಗೆ ಬಾರದೆ ಗಾಯ ಮಾಯುವುದಿಲ್ಲ. ಗಾಯಕ್ಕೆ ತಂಬಾಕಿನ ಪುಡಿ, ಬೂದಿ ತುಂಬಬೇಡಿ. ಶುದ್ಧ ನೀರಿನಿಂದ ತೊಳೆದು, ಸ್ವಚ್ಛ ಬಟ್ಟೆ ಕಟ್ಟಿ ವೈದ್ಯರಲ್ಲಿಗೆ ಬನ್ನಿ. ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ಕೇಳಿ. ಗಾಯ ಕಪ್ಪಾದರೆ, ನಾತ ಬಂದರೆ, ಬಾವು ಅಥವಾ ಜ್ವರ ಕಂಡರೆ ಅಂದೇ ತೋರಿಸಿ.

ಸಕ್ಕರೆ ಕಾಯಿಲೆಯಿದ್ದವರು ಬರಿಗಾಲಲ್ಲಿ ಹೊಲಕ್ಕೆ ಇಳಿಯಬಾರದು. ಮನೆಯಲ್ಲಿ ಅಪ್ಪನಿಗೋ ಅಜ್ಜಿಗೋ ಈ ಕಾಯಿಲೆಯಿದ್ದರೆ ದಿನವೂ ರಾತ್ರಿ ದೀಪದ ಬೆಳಕಿನಲ್ಲಿ ಅವರ ಅಂಗಾಲು ನೋಡಿ. ಅವರ ಪಾದ ಹೇಳಲಾರದ್ದನ್ನು ನಿಮ್ಮ ಕಣ್ಣು ಹೇಳುತ್ತದೆ.