ನಿಮಗಿದು ಗೊತ್ತೆ? ಶುದ್ಧ ನೀರು ಸಂವಿಧಾನ ಕೊಟ್ಟ ಹಕ್ಕು

ಸಂವಿಧಾನದ 21ನೇ ವಿಧಿಯಲ್ಲಿ ನೀರಿನ ಹೆಸರೇ ಇಲ್ಲ. ಆದರೂ ಜೀವಿಸುವ ಹಕ್ಕಿನಲ್ಲಿ ಮಾಲಿನ್ಯವಿಲ್ಲದ ನೀರು, ಗಾಳಿ ಸೇರಿವೆ ಎಂದು ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿತು. ಅದು ಬಿಹಾರದ ಸುಭಾಷ್ ಕುಮಾರ್ ಪ್ರಕರಣ. ವೈಯಕ್ತಿಕ ಹಿತಾಸಕ್ತಿಯಿದೆ ಎಂದು ಅರ್ಜಿಯನ್ನು ವಜಾ ಮಾಡಿದರೂ, ಅದರಲ್ಲಿ ಹೇಳಿದ ತತ್ವವನ್ನು ಕೋರ್ಟುಗಳು ಇಂದಿಗೂ ಎತ್ತಿಹಿಡಿಯುತ್ತವೆ.

ಈ ಮಾತು ಎರಡು ನದಿಗಳ ನಡುವಿನ ನಮ್ಮ ರಾಯಚೂರು ಜಿಲ್ಲೆಗೆ ತೀರಾ ಹತ್ತಿರದ್ದು. 2022ರಲ್ಲಿ ರಾಯಚೂರು ನಗರದಲ್ಲಿ ನಲ್ಲಿಯ ಕಲುಷಿತ ನೀರು ಕುಡಿದು ಜನ ಸತ್ತರು. ಮರುವರ್ಷ ದೇವದುರ್ಗ ತಾಲ್ಲೂಕಿನ ರೇಕಲಮರಡಿಯಲ್ಲಿ ಇಂಥದೇ ನೀರಿಗೆ ಮಗುವೊಂದು ಬಲಿಯಾಯಿತು. ಮಾನ್ವಿ, ದೇವದುರ್ಗದ ಎಷ್ಟೋ ಹಳ್ಳಿಗಳ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಹಲ್ಲು, ಮೂಳೆಗಳಿಗೆ ಹಾನಿ. ಇವನ್ನು ಬರೀ ನೀರು ಸರಬರಾಜಿನ ಲೋಪ ಎನ್ನುವುದು ಸಾಲದು, ಇದು ಹಕ್ಕಿನ ಉಲ್ಲಂಘನೆಯೇ.

ಸ್ವಚ್ಛ, ಆರೋಗ್ಯಕರ ಪರಿಸರ ಮಾನವ ಹಕ್ಕು ಎಂದು ವಿಶ್ವಸಂಸ್ಥೆಯ ಮಹಾಸಭೆ ಘೋಷಿಸಿದ್ದೂ 2022ರಲ್ಲೇ, ಜುಲೈ 28ರಂದು. 161 ದೇಶಗಳು ಪರವಾಗಿ ಮತ ಹಾಕಿದವು. ಆದರೆ ಆ ನಿರ್ಣಯಕ್ಕೆ ಕಾನೂನಿನ ಬಲವಿಲ್ಲ. 21ನೇ ವಿಧಿಗಿದೆ: ಅದನ್ನು ಹಿಡಿದು ಜಿಲ್ಲೆಯ ಯಾರು ಬೇಕಾದರೂ ಹೈಕೋರ್ಟಿನ ಕಲಬುರಗಿ ಪೀಠಕ್ಕೆ ಹೋಗಬಹುದು.