ತೆರೆದಿರುವ ಕಡತದ ನಕಲು ತೆಗೆಯುವುದು ಹೇಗೆ?

ಜಗಳೂರು ತಾಲೂಕಿನ ಬಿಳಿಚೋಡು ಹೋಬಳಿಯಲ್ಲಿ ಒಬ್ಬರು ತಮ್ಮ 4 ಎಕರೆಯಲ್ಲಿ 1 ಎಕರೆ 20 ಗುಂಟೆ ಮಾರಿದರು ಎಂದುಕೊಳ್ಳಿ. 11ಇ ನಕ್ಷೆ (ಜಮೀನಿನ ಭಾಗ ಮಾರುವ ಮುನ್ನ ಮಾಡಿಸುವ ಅಳತೆ ನಕ್ಷೆ), ನೋಂದಣಿ ಎಲ್ಲ ಮುಗಿದು ಹಕ್ಕು ಬದಲಾವಣೆಯ ಮ್ಯುಟೇಶನ್‌ಗೆ ಒಪ್ಪಿಗೆ ಬಿದ್ದಾಗ ಕಂಪ್ಯೂಟರಿನಲ್ಲಿ ಎರಡು ಕಡೆ ತಿದ್ದುಪಡಿಯಾಗಬೇಕು. ಮಾರಿದವರ ಪಹಣಿಯಲ್ಲಿ 2 ಎಕರೆ 20 ಗುಂಟೆ ಉಳಿಯಬೇಕು, ಕೊಂಡವರ ಹೆಸರಿಗೆ 1 ಎಕರೆ 20 ಗುಂಟೆ ಸೇರಬೇಕು. ಸರಿಯಾಗಿ ಅದೇ ಹೊತ್ತಿಗೆ ಬ್ಯಾಕಪ್ ನಡೆಯುತ್ತಿದ್ದು, ಮಾರಿದವರ ದಾಖಲೆ ತಿದ್ದುಪಡಿಗೆ ಮುಂಚೆ, ಕೊಂಡವರದು ಆಮೇಲೆ ನಕಲಾದರೆ? ಒಟ್ಟು 5 ಎಕರೆ 20 ಗುಂಟೆ! ಕ್ರಮ ತಿರುಗುಮುರುಗಾದರೆ ಒಂದೂವರೆ ಎಕರೆ ಮಾಯ.

ಕೈಬರಹದ ಪಹಣಿಗಳನ್ನು ಕರ್ನಾಟಕದ 'ಭೂಮಿ' ಯೋಜನೆ ಕಂಪ್ಯೂಟರಿಗೆ ತಂದಾಗ ಅವುಗಳ ಸಂಖ್ಯೆ ಸುಮಾರು 2 ಕೋಟಿ. ಇಂಥ ದಾಖಲೆಗಳ ನಕಲಿನಲ್ಲಿ ಒಂದು ಗುಂಟೆಯೂ ತಪ್ಪಬಾರದು. ಇದಕ್ಕೆ ಸರಳವಾದ ಹಳೆಯ ದಾರಿ: ಕೆಲಸ ಮುಗಿದ ಮೇಲೆ ಎಲ್ಲ ಪ್ರೋಗ್ರಾಮುಗಳನ್ನು ಮುಚ್ಚಿ ನಕಲು ತೆಗೆಯುವುದು. ಹಗಲುರಾತ್ರಿ ನಡೆಯುವ ಸರ್ವರ್‌ಗೆ ಅದು ಆಗದ ಮಾತು. ತೆರೆದಿರುವ ಫೈಲನ್ನು ಬೇರೊಂದು ಪ್ರೋಗ್ರಾಮು ಮುಟ್ಟಲು ಹೋದರೆ 'ಬಳಕೆಯಲ್ಲಿದೆ' ಎಂದು ವಿಂಡೋಸ್ ತಡೆಯುವುದೂ ಉಂಟು. ಆಗ ಎಲ್ಲಕ್ಕಿಂತ ಮುಖ್ಯವಾದ ಫೈಲೇ ಬ್ಯಾಕಪ್‌ನಿಂದ ಬಿಟ್ಟುಹೋಗುತ್ತದೆ.

ಇದಕ್ಕೆ ಪರಿಹಾರವೇ ಸ್ನ್ಯಾಪ್‌ಶಾಟ್. ಇಡೀ ಡಿಸ್ಕ್ ಒಂದು ಕ್ಷಣದಲ್ಲಿ ಹೇಗಿತ್ತೋ ಹಾಗೆ ಅದನ್ನು ಹಿಡಿದಿಡುವ ತಂತ್ರ ಇದು. ವಿಂಡೋಸ್‌ನಲ್ಲಿ ಈ ಕೆಲಸ ಮಾಡುವುದು 'ವಾಲ್ಯೂಮ್ ಶ್ಯಾಡೋ ಕಾಪಿ' ಸೇವೆ. ಬ್ಯಾಕಪ್ ತಂತ್ರಾಂಶ ಕೇಳಿದ ಕೂಡಲೇ ಅದು ಡೇಟಾಬೇಸ್‌ನಂಥ ಪ್ರೋಗ್ರಾಮುಗಳಿಗೆ ಸೂಚನೆ ಕೊಡುತ್ತದೆ. ಅವು ಕೈಯಲ್ಲಿರುವ ಬರವಣಿಗೆಯನ್ನು ಒಂದು ಹದಕ್ಕೆ ತಂದು, ಹೊಸದನ್ನು ಬರೆಯದೆ ತಡೆದು ನಿಲ್ಲುತ್ತವೆ. ಓದುವ ಕೆಲಸಕ್ಕೆ ಅಡ್ಡಿಯಿಲ್ಲ. ಈ ತಡೆ 60 ಸೆಕೆಂಡು ಮೀರುವಂತಿಲ್ಲ. ಸ್ನ್ಯಾಪ್‌ಶಾಟ್ ಮೂಡಲು ಇರುವ ಗಡುವಂತೂ 10 ಸೆಕೆಂಡು.

ನೂರಾರು ಗಿಗಾಬೈಟ್ ಅಷ್ಟು ಬೇಗ ನಕಲಾಗುತ್ತದೆಯೇ? ಇಲ್ಲ, ಆ ಕ್ಷಣದಲ್ಲಿ ಏನೂ ನಕಲಾಗುವುದಿಲ್ಲ. ಚಮತ್ಕಾರ ಇರುವುದೇ ಇಲ್ಲಿ. ಡಿಸ್ಕ್ ಅನ್ನು 16 ಕಿಲೋಬೈಟ್‌ನ ತುಣುಕುಗಳಾಗಿ ಎಣಿಸಿ, ಆ ಕ್ಷಣದಿಂದ ಯಾವ ತುಣುಕು ಬದಲಾಗುತ್ತದೆ ಎಂದು ವಿಂಡೋಸ್ ಕಾವಲು ಕಾಯುತ್ತದೆ. ಒಂದು ತುಣುಕಿನ ಮೇಲೆ ಮೊದಲ ಸಲ ಹೊಸದನ್ನು ಬರೆಯುವ ಮುನ್ನ ಹಳೆಯದನ್ನು ಬೇರೆ ಜಾಗಕ್ಕೆ ಎತ್ತಿಡುತ್ತದೆ. ಬ್ಯಾಕಪ್ ತಂತ್ರಾಂಶ ಓದುವಾಗ ಬದಲಾಗದ ತುಣುಕು ಮೂಲ ಜಾಗದಿಂದ, ಬದಲಾದದ್ದು ಎತ್ತಿಟ್ಟ ಜಾಗದಿಂದ ಸಿಗುತ್ತದೆ. ನಕಲು ಮುಗಿಯಲು ಮೂರು ಗಂಟೆ ಹಿಡಿದರೂ ಅದರಲ್ಲಿರುವುದು ಒಂದೇ ಕ್ಷಣದ ಲೆಕ್ಕ. ಅಷ್ಟರಲ್ಲಿ ನಡೆದ ಮ್ಯುಟೇಶನ್‌ಗಳು ಮುಂದಿನ ಬ್ಯಾಕಪ್‌ಗೆ ಸೇರುತ್ತವೆ.

ಪ್ರೋಗ್ರಾಮಿಗೆ ತಿಳಿಸದೆಯೂ ಸ್ನ್ಯಾಪ್‌ಶಾಟ್ ತೆಗೆಯಬಹುದು. ಆಗ ಸಿಗುವುದು ತಟಕ್ಕನೆ ಕರೆಂಟು ಹೋದಾಗಿನ ಡಿಸ್ಕ್‌ನಂಥ ನಕಲು. ಒಳ್ಳೆಯ ಡೇಟಾಬೇಸ್ ತನ್ನ ಲಾಗ್ (ತಿದ್ದುಪಡಿಗಳ ದಿನಚರಿ) ನೋಡಿ ಅರ್ಧಕ್ಕೆ ನಿಂತ ತಿದ್ದುಪಡಿಯನ್ನು ರದ್ದುಮಾಡಿ ಚೇತರಿಸಿಕೊಳ್ಳುತ್ತದೆ. ಎಲ್ಲ ಪ್ರೋಗ್ರಾಮುಗಳಿಗೂ ಆ ಶಕ್ತಿ ಇರುವುದಿಲ್ಲ. ಆದ್ದರಿಂದ ಮೊದಲೇ ತಿಳಿಸಿ ತೆಗೆದದ್ದೇ ಹೆಚ್ಚು ನಂಬಿಕೆಗೆ ಅರ್ಹ.

ಒಂದನ್ನು ಮಾತ್ರ ಮರೆಯಬಾರದು: ಇಂಥ ಸ್ನ್ಯಾಪ್‌ಶಾಟ್ ತಾನೇ ಬ್ಯಾಕಪ್ ಅಲ್ಲ. ಬದಲಾಗದ ತುಣುಕುಗಳಿಗೆ ಅದು ಮೂಲ ಡಿಸ್ಕನ್ನೇ ನೆಚ್ಚಿಕೊಂಡಿರುತ್ತದೆ. ಡಿಸ್ಕ್ ಕೆಟ್ಟರೆ ಎರಡೂ ಹೋದವು. 2017ರಲ್ಲಿ ಜಗತ್ತನ್ನು ಕಾಡಿದ ವಾನಾಕ್ರೈ ಕುತಂತ್ರಾಂಶ ಫೈಲುಗಳಿಗೆ ಬೀಗ ಜಡಿಯುವುದರ ಜೊತೆಗೆ ಶ್ಯಾಡೋ ಕಾಪಿಗಳನ್ನೂ ಅಳಿಸುತ್ತಿತ್ತು. ಹಾಗಾಗಿ ಸ್ನ್ಯಾಪ್‌ಶಾಟ್‌ನಿಂದ ತೆಗೆದ ನಕಲನ್ನು ಬೇರೆ ಡಿಸ್ಕ್‌ಗೆ, ಸಾಧ್ಯವಾದರೆ ಬೇರೆ ಊರಿಗೇ ಸಾಗಿಸಬೇಕು. ಆಗಾಗ ಅದನ್ನು ಇನ್ನೊಂದು ಯಂತ್ರದಲ್ಲಿ ತೆರೆದು ಲೆಕ್ಕ ತಾಳೆ ನೋಡಬೇಕು. ಮರಳಿ ತೆರೆದು ನೋಡದ ಬ್ಯಾಕಪ್ಪನ್ನು ನಂಬಿ ಕೂರುವಂತಿಲ್ಲ.